ಭರತಪುರಕ್ಕೆ ಹೋಗಿ ಕಲಿಯೋದೇನು, ವಾಪಸ್ ಬಂದು ನಮ್ಮೂರ ಕೆರೆ ನೋಡೋದು ಹೆಂಗೆ

ದಾವಣಗೆರೆಯಿಂದ ರಾಜಸ್ಥಾನದ ಭರತಪುರ ಪಕ್ಷಿಧಾಮಕ್ಕೆ ಹೋಗೋದು ಹೆಂಗೆ, ಯಾವಾಗ ಹೋಗ್ಬೇಕು, ಯಾವ ಲೆನ್ಸ್ ಒಯ್ಬೇಕು ಅಂತ ಕೇಳೋ ಹುಡುಗ್ರು ಈಗೀಗ ಜಾಸ್ತಿ ಆಗಿದಾರೆ. ನಾನು ಎರಡು ಸಲ ಹೋಗಿ ಬಂದೀನಿ. ಮೊದಲ ಸಲ ಬರೀ ಫೋಟೋ ಹೊಡ್ಕೊಂಡು ಬಂದೆ, ಎರಡನೇ ಸಲ ಕ್ಯಾಮೆರಾ ರೂಮಲ್ಲೇ ಬಿಟ್ಟು ಒಂದು ನೋಟ್‌ಬುಕ್ ಹಿಡ್ಕೊಂಡು ನೀರು ಎಲ್ಲಿಂದ ಬರ್ತದೆ ಎಲ್ಲಿಗೆ ಹೋಗ್ತದೆ ಅಂತ ನೋಡ್ಕೊಂಡು ತಿರುಗಿದೆ. ಆ ಎರಡನೇ ತರದ ಪ್ರವಾಸ ಹೆಂಗೆ ಮಾಡೋದು, ಅಲ್ಲಿ ಕಲಿತಿದ್ದನ್ನ ಸೂಳೆಕೆರೆಗೋ ಕೊಂಡಜ್ಜಿ ಕೆರೆಗೋ ನಿಮ್ಮೂರ ಹೆಸರಿಲ್ಲದ ಸಣ್ಣ ಕೆರೆಗೋ ಹೆಂಗೆ ಬಳಸೋದು ಅಂತ ಹೇಳೋದಕ್ಕೇ ಇದನ್ನ ಬರೀತಿರೋದು.

ಮೊದ್ಲು ಒಂದು ಮಾತು ತಲೆಯಲ್ಲಿ ಇಟ್ಕೊಳ್ರಿ. ಭರತಪುರದ ಕೇವಲಾದೇವ್ ರಾಷ್ಟ್ರೀಯ ಉದ್ಯಾನ ಅಂದ್ರೆ ತಾನಾಗೇ ಹುಟ್ಟಿದ ಕಾಡಲ್ಲ, ಅದೂ ನಮ್ಮ ಕೆರೆ ತರಾನೇ ಮನುಷ್ಯ ಕಟ್ಟಿದ್ದು. ಅಲ್ಲಿದ್ದದ್ದು ಒಂದು ತಗ್ಗು ಜಾಗ, ಮಳೆಗಾಲದಲ್ಲಿ ನೆರೆ ಬರ್ತಿತ್ತು. ಗಂಭೀರ್ ಮತ್ತೆ ಬಾಣಗಂಗಾ ನದಿಗಳ ನೀರು ಹಿಡಿಯೋದಕ್ಕೆ 18ನೇ ಶತಮಾನದಲ್ಲಿ ಮಹಾರಾಜ ಸೂರಜ್ ಮಲ್ ಅಜಾನ್ ಬಂಡ್ ಅಂತ ಏರಿ ಹಾಕಿಸಿದ. ಆಮೇಲೆ 19ನೇ ಶತಮಾನದ ಕೊನೆ ಹೊತ್ತಿಗೆ ಒಳಗಡೆ ಸಣ್ಣ ಸಣ್ಣ ಏರಿ, ತೂಬು ಎಲ್ಲ ಮಾಡಿ ಬಾತುಕೋಳಿ ಬೇಟೆಗೆ ಅಂತಾನೇ ತಿದ್ದಿದ್ರು. ಒಟ್ಟು ಸುಮಾರು 29 ಚದರ ಕಿಲೋಮೀಟರ್, ಅಷ್ಟೇ. ಒಳಗಡೆ ಕೇವಲಾದೇವ ಅಂದ್ರೆ ಶಿವನ ಗುಡಿ ಇದೆ, ಹೆಸರು ಬಂದಿದ್ದು ಅದರಿಂದ. ಆ ಗುಡಿ ಹತ್ರ ಕಲ್ಲಿನ ಮೇಲೆ ಯಾವ ದಿನ ಯಾರು ಬಂದು ಎಷ್ಟು ಹಕ್ಕಿ ಹೊಡೆದ್ರು ಅಂತ ಕೆತ್ತಿಸಿದಾರೆ. 1938ರ ನವೆಂಬರ್ 12ಕ್ಕೆ ವೈಸ್‌ರಾಯ್ ಲಿನ್‌ಲಿತ್‌ಗೋ ಬಂದಿದ್ದಾಗ ಒಂದೇ ದಿನದಲ್ಲಿ 4,273. ಆ ಕಲ್ಲಿನ ಮುಂದೆ ಐದು ನಿಮಿಷ ನಿಂತ್ಕೊಳ್ರಿ, ಫೋಟೋ ಆಮೇಲೆ.

ಹೋಗೋ ದಾರಿ ಸುಲಭ. ದೆಹಲಿ ಕಡೆ ಹೋಗೋ ರೈಲು ಹಿಡಿದು ಆಗ್ರಾದಲ್ಲೋ ಮಥುರಾದಲ್ಲೋ ಇಳಿದ್ರೆ ಭರತಪುರ ಹತ್ರಾನೇ, ಆಗ್ರಾದಿಂದ ಸುಮಾರು 55 ಕಿಲೋಮೀಟರ್, ಮಥುರಾದಿಂದ ಅದಕ್ಕಿಂತ ಕಮ್ಮಿ. ರೈಲಲ್ಲಿ ಒಂದೂವರೆ ದಿನ ಕೂರ್ಬೇಕು ಅಂತ ಬೇಜಾರು ಮಾಡ್ಕೋಬೇಡ್ರಿ, ಒಂದು ಚೀಲ ಮಂಡಕ್ಕಿ, ಖಾರ, ಶೇಂಗಾ ಕಟ್ಕೊಂಡು ಹೋದ್ರೆ ಹೊಟ್ಟೆ ಚಿಂತೆ ಇಲ್ಲ. ಡಿಸೆಂಬರ್ ಕೊನೆ, ಜನವರಿಯಲ್ಲಿ ಹೋದ್ರೆ ಆ ಕಡೆ ಮಂಜು ವಿಪರೀತ, ರೈಲು ಗಂಟೆಗಟ್ಟಲೆ ಲೇಟಾಗ್ತವೆ, ಬೆಳಿಗ್ಗೆ ಹತ್ತು ಗಂಟೆ ತನಕ ಕೆಲವು ದಿನ ಮುಂದಿರೋ ಮರಾನೂ ಕಾಣಲ್ಲ. ಅದಕ್ಕೆ ಕೈಯಲ್ಲಿ ಒಂದು ದಿನ ಎಕ್ಸ್‌ಟ್ರಾ ಇಟ್ಕೊಳ್ರಿ. ಚಳಿ ನಮ್ಮ ಕಡೆ ಚಳಿ ತರ ಅಲ್ಲ, ಸ್ವೆಟರ್ ಮೇಲೆ ಜಾಕೆಟ್, ಕಿವಿಗೆ ಟೋಪಿ, ಕೈಗೆ ಗ್ಲೌಸ್ ಬೇಕೇ ಬೇಕು. ವಲಸೆ ಬಾತುಗಳು, ಹೆಬ್ಬಾತುಗಳು ನೋಡ್ಬೇಕು ಅಂದ್ರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗ್ರಿ. ಬಣ್ಣದ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆ ಇವೆಲ್ಲ ಗೂಡು ಕಟ್ಟಿ ಮರಿ ಮಾಡೋದು ನೋಡ್ಬೇಕು ಅಂದ್ರೆ ಮಳೆ ಬಿದ್ದು ನೀರು ತುಂಬಿದ ಮೇಲೆ, ಆಗಸ್ಟ್‌ನಿಂದ ಅಕ್ಟೋಬರ್ ಸುಮಾರಿಗೆ. ನನ್ನ ಕೇಳಿದ್ರೆ ಮೊದಲ ಸಲ ನವೆಂಬರ್ ಕೊನೆ ವಾರ ಒಳ್ಳೇದು, ಮಂಜು ಇನ್ನೂ ಶುರುವಾಗಿರಲ್ಲ, ಬಂದಿರೋ ಹಕ್ಕಿಗಳೂ ಇರ್ತವೆ, ಬಣ್ಣದ ಕೊಕ್ಕರೆ ಮರಿಗಳು ದೊಡ್ಡವಾಗಿ ಇನ್ನೂ ಮರದ ಮೇಲೇ ಕೂತಿರೋದೂ ಸಿಗಬಹುದು.

ಒಳಗೆ ನಿಮ್ಮ ಕಾರು ಬೈಕು ತಗೊಂಡು ಸುತ್ತೋಹಂಗಿಲ್ಲ. ನಡೀಬೇಕು, ಇಲ್ಲ ಬಾಡಿಗೆ ಸೈಕಲ್, ಇಲ್ಲ ರಿಕ್ಷಾ. ಒಂದು ದಿನ ರಿಕ್ಷಾ, ಒಂದು ದಿನ ಸೈಕಲ್ ಅಂತ ಇಟ್ಕೊಳ್ರಿ. ರಿಕ್ಷಾ ಯಾಕೆ ಅಂದ್ರೆ ಅಲ್ಲಿ ರಿಕ್ಷಾ ತುಳಿಯೋರಿಗೆ ಹಕ್ಕಿ ಗುರುತಿಸೋ ತರಬೇತಿ ಕೊಟ್ಟಿದಾರೆ, ಅದರಲ್ಲಿ ವಯಸ್ಸಾದೋರು ಇಪ್ಪತ್ತು ಮೂವತ್ತು ವರ್ಷದಿಂದ ದಿನಾ ಅದೇ ದಾರೀಲಿ ಹೋಗಿ ಬಂದೋರು. ಹಕ್ಕಿ ಹೆಸರು ಕೇಳೋ ಬದಲು ನಿಮಗೆ ಬರೋ ಹರಕು ಹಿಂದೀಲೇ "ಭಯ್ಯಾ, ನೀರು ಎಲ್ಲಿಂದ ಬರ್ತದೆ, ಈ ವರ್ಷ ಎಷ್ಟು ಬಂತು" ಅಂತ ಕೇಳ್ರಿ. ನಾನು ಹಂಗೆ ಕೇಳಿದ್ದಕ್ಕೆ ನಮ್ಮನ್ನ ಕರ್ಕೊಂಡು ಹೋಗ್ತಿದ್ದ ಅಜ್ಜ ರಿಕ್ಷಾ ನಿಲ್ಸಿ ಇಳಿದು ಒಂದು ತೂಬಿನ ಹತ್ರ ಕರ್ಕೊಂಡು ಹೋಗಿ, ಹಿಂದೆ ನೀರು ಎಲ್ಲಿ ತನಕ ನಿಲ್ತಿತ್ತು ಅಂತ ಕಲ್ಲಿನ ಮೇಲಿನ ಕಲೆ ತೋರಿಸಿದ್ರು. ಆ ಅರ್ಧ ಗಂಟೆಯಲ್ಲಿ ನನಗೆ ತಿಳಿದಷ್ಟು ಹಿಂದಿನ ಪ್ರವಾಸದಲ್ಲಿ ಮೂರು ದಿನ ಸುತ್ತಿದ್ರೂ ತಿಳಿದಿರಲಿಲ್ಲ.

ಈಗ ಅಲ್ಲಿ ಏನು ನೋಡ್ಬೇಕು ಅನ್ನೋದು. ಉದ್ಯಾನ ಪೂರ್ತಿ ಬ್ಲಾಕ್ ಬ್ಲಾಕ್ ಆಗಿ ಏರಿಗಳಿಂದ ಭಾಗ ಆಗಿದೆ, ಒಂದೊಂದು ಬ್ಲಾಕಲ್ಲಿ ನೀರಿನ ಆಳ ಬೇರೆ ಬೇರೆ, ಮಳೆಗಾಲ ಮುಗಿದಾಗ ಜಾಸ್ತಿ ಅಂದ್ರೆ ಒಂದೆರಡು ಮೀಟರ್, ಅಕ್ಟೋಬರ್‌ನಿಂದ ಮೆಲ್ಲಗೆ ಇಳೀತದೆ, ಫೆಬ್ರವರಿಯಿಂದ ಒಣಗೋಕೆ ಶುರು, ಜೂನ್ ಹೊತ್ತಿಗೆ ಬಹುಪಾಲು ಒಣಗಿರ್ತದೆ. ಒಣಗೋದು ತಪ್ಪಲ್ಲ, ಅದು ಈ ತರ ಜಾಗದ ಉಸಿರಾಟ. ಸೈಕಲ್ ಹತ್ತಿ ಒಂದೊಂದು ಬ್ಲಾಕ್ ಮುಂದೆ ನಿಂತು ನೋಡ್ಕೊಂಡು ಹೋಗ್ರಿ, ಎಲ್ಲಿ ನೀರು ಪಾದ ಮುಳುಗೋಷ್ಟು ಇದೆಯೋ ಅಲ್ಲಿ ಮೆಟ್ಟುಗಾಲು ಹಕ್ಕಿ, ಗದ್ದೆಗೊರವ, ಟಿಟ್ಟಿಭ ಇರ್ತವೆ, ಮೊಣಕಾಲಷ್ಟು ಇರೋ ಕಡೆ ತಲೆ ಮುಳುಗಿಸಿ ಹಿಂಭಾಗ ಮೇಲೆತ್ತಿ ಮೇಯೋ ಬಾತುಗಳು, ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ಇನ್ನೂ ಆಳ ಇರೋ ಕಡೆ ಪೂರ್ತಿ ಮುಳುಗಿ ಏಳೋ ಬಾತು, ನೀರುಕಾಗೆ, ಹಾವಕ್ಕಿ. ನಾಮದ ಕೋಳಿ ಎಲ್ಲ ಕಡೆ. ಅಂದ್ರೆ ಒಂದೇ ಆಳದ ನೀರು ಎಷ್ಟೇ ತುಂಬಿದ್ರೂ ಒಂದೇ ತರದ ಹಕ್ಕಿ ಬರ್ತವೆ, ಬೇರೆ ಬೇರೆ ಆಳ ಇದ್ರೆ ಬೇರೆ ಬೇರೆ ಹಕ್ಕಿ. ಇದನ್ನ ನೋಟ್‌ಬುಕ್ಕಲ್ಲಿ ದೊಡ್ಡದಾಗಿ ಬರ್ಕೊಳ್ರಿ, ಊರಿಗೆ ಬಂದ ಮೇಲೆ ಇದೇ ಕೆಲಸಕ್ಕೆ ಬರೋದು.

ಸಾರಸ್ ಜೋಡಿ ಕಂಡ್ರೆ ಪುಣ್ಯ, ಮನುಷ್ಯನ ಎತ್ತರ ಇರ್ತವೆ. ಆದ್ರೆ ಸೈಬೀರಿಯಾ ಕೊಕ್ಕರೆ ಕೇಳ್ಬೇಡ್ರಿ, ಸಿಗಲ್ಲ. ಅಚ್ಚ ಬಿಳಿ ಮೈ, ಕೆಂಪು ಮುಖ, ಸೈಬೀರಿಯಾದಿಂದ ಹಾರಿ ಪ್ರತಿ ಚಳಿಗಾಲ ಭರತಪುರಕ್ಕೆ ಬರ್ತಿದ್ದ ಆ ಹಕ್ಕಿ ಕೊನೇ ಸಲ ಕಂಡಿದ್ದು 2001-02ರ ಚಳಿಗಾಲದಲ್ಲಿ, ಒಂದು ಜೋಡಿ. ದಾರೀಲಿ ಬೇಟೆ, ಜಾಗ ಕಳ್ಕೊಂಡಿದ್ದು ಎಲ್ಲ ಸೇರಿ ಮುಗಿಸಿಬಿಡ್ತು. 1981ರಲ್ಲಿ ಒಡಿಶಾದ ಚಿಲಿಕಾ ಜೊತೆ ದೇಶದ ಮೊದಲ ರಾಮ್ಸರ್ ಜಾಗ (ಅಂತರರಾಷ್ಟ್ರೀಯ ಒಪ್ಪಂದದಡಿ ಜಗತ್ತಿಗೇ ಮುಖ್ಯ ಅಂತ ಗುರುತಿಸಿದ ಜೌಗು), 1982ರಲ್ಲಿ ರಾಷ್ಟ್ರೀಯ ಉದ್ಯಾನ, 1985ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ತಾಣ, ಇಷ್ಟೆಲ್ಲ ಬಿರುದು ಇದ್ರೂ ಆ ಹಕ್ಕಿ ಉಳೀಲಿಲ್ಲ ಅನ್ನೋದು ನನಗೆ ಇವತ್ತಿಗೂ ಸಂಕಟ.

ಎರಡು ವಿಷಯ ಮಾತ್ರ ಅಲ್ಲಿಂದ ಕಲ್ತು ಬರಲೇಬೇಕು. ಒಂದು ಎಮ್ಮೆ ವಿಷಯ, ಇನ್ನೊಂದು ಅಣೆಕಟ್ಟಿನ ವಿಷಯ.

ರಾಷ್ಟ್ರೀಯ ಉದ್ಯಾನ ಅಂತ ಆದ ಮೇಲೆ 1982ರ ನವೆಂಬರಲ್ಲಿ ಒಳಗೆ ದನ ಎಮ್ಮೆ ಮೇಯಿಸೋದು ಪೂರ್ತಿ ಬಂದ್ ಮಾಡಿದ್ರು. ಸುತ್ತಲಿನ ಹಳ್ಳಿಯೋರು ತಲೆತಲಾಂತರದಿಂದ ಅಲ್ಲೇ ಮೇಯಿಸ್ತಿದ್ದೋರು, ಗಲಾಟೆ ಆಗಿ ಪೊಲೀಸ್ ಗೋಲಿಬಾರಲ್ಲಿ ಜನ ಸತ್ರು. ಆಮೇಲೆ ಆಗಿದ್ದೇ ಬೇರೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯೋರು ಹತ್ತು ವರ್ಷದಷ್ಟು ಅಲ್ಲೇ ಕೂತು ಅಧ್ಯಯನ ಮಾಡಿ ನೋಡಿದ್ರೆ, ಎಮ್ಮೆ ಇಲ್ದೇ ಪಾಸ್ಪಾಲಮ್ ಅನ್ನೋ ನೀರುಹುಲ್ಲು ಬೇಕಾಬಿಟ್ಟಿ ಬೆಳೆದು ತೆರೆದ ನೀರೆಲ್ಲ ಮುಚ್ಕೊಂಡಿತ್ತು, ಬಾತುಗಳಿಗೆ ಜಾಗ ಕಮ್ಮಿ, ಮೀನಿಗೂ ತೊಂದರೆ. ಎಮ್ಮೆ ನೀರಿಗಿಳಿದು ಹುಲ್ಲು ಮೇಯ್ತಾ ತುಳೀತಾ ಆ ಜಾಗಾನ ಹಕ್ಕಿಗೆ ಬೇಕಾದಹಂಗೆ ಇಟ್ಟಿತ್ತು ಅನ್ನೋದು ಎಮ್ಮೆ ಹೊರಗೆ ಹಾಕಿದ ಮೇಲೆ ತಿಳೀತು. ನೀರಿನ ಕೊರತೆ, ಈ ಮೇವಿನ ಏರುಪೇರು ಎರಡೂ ಸೇರಿ 1990ರಲ್ಲಿ ಭರತಪುರ ರಾಮ್ಸರ್‌ನೋರ ಅಪಾಯದ ಪಟ್ಟಿಗೂ ಸೇರ್ತು, ಅದಕ್ಕೆ ಮಾಂತ್ರೋ ರೆಕಾರ್ಡ್ ಅಂತಾರೆ.

ಇನ್ನೊಂದು, ಮೇಲ್ಗಡೆ ಕರೌಲಿ ಜಿಲ್ಲೇಲಿ ಗಂಭೀರ್ ನದಿಗೆ ಪಾಂಚನಾ ಅಣೆಕಟ್ಟು ಬಂತು. ಅಲ್ಲಿನ ರೈತರಿಗೂ ನೀರು ಬೇಕು, ಅವರದ್ದು ತಪ್ಪು ಅಂತ ನಾನು ಹೇಳಲ್ಲ, ಭದ್ರಾ ನಾಲೆ ಕೊನೇ ಭಾಗದಲ್ಲಿ ಹೊಲ ಇರೋ ಯಾರಿಗಾದ್ರೂ ಈ ಜಗಳ ಅರ್ಥ ಆಗ್ತದೆ. ಆದ್ರೆ 2004ರಿಂದ ಈಚೆಗೆ ನೀರು ಬಿಡೋದೇ ದೊಡ್ಡ ರಾಜಕೀಯ ಆಗಿ ಕೆಲವು ವರ್ಷ ಉದ್ಯಾನ ಒಣಗೇ ಹೋಯ್ತು. ಆಮೇಲೆ ಗೋವರ್ಧನ ಡ್ರೈನ್‌ನಿಂದ ನೀರು ತರೋ ಯೋಜನೆ, ಚಂಬಲ್ ಪೈಪಿನ ನೀರು ಅಂತ ಬೇರೆ ಬೇರೆ ದಾರಿ ಮಾಡಿದ್ರು. ನದಿಯ ನೆರೆ ನೀರಲ್ಲಿ ಮೀನು ಮರಿ, ಹುಳ, ಬೀಜ ಎಲ್ಲ ತೇಲ್ಕೊಂಡು ಬರ್ತದೆ, ಪೈಪಲ್ಲಿ ಬರೋ ನೀರಲ್ಲಿ ಅದು ಇರಲ್ಲ. ಬಣ್ಣದ ಕೊಕ್ಕರೆ ಮರಿ ಸಾಕೋದು ಮೀನಿಂದ. ಅಂದ್ರೆ ಎಷ್ಟು ನೀರು ಅನ್ನೋದರ ಜೊತೆಗೆ ಎಂಥ ನೀರು, ಯಾವ ತಿಂಗಳು ಬಂತು ಅನ್ನೋದೂ ಲೆಕ್ಕ.

ಅಲ್ಲಿ ಇನ್ನೊಂದು ನೋಡ್ರಿ, ವಿಲಾಯಿತಿ ಬಬೂಲ್ ಅಂತ ಅವರು ಕರೆಯೋದು ನಮ್ಮ ಬಳ್ಳಾರಿ ಜಾಲೀನೇ. ಒಣಗಿದ ವರ್ಷಗಳಲ್ಲಿ ಅದು ಒಳಗೆ ನುಗ್ಗಿತ್ತು, ಸುತ್ತಲಿನ ಹಳ್ಳಿಯೋರಿಗೇ ಬೇರು ಸಮೇತ ಕಿತ್ತು ಸೌದೆ ಒಯ್ಯೋಕೆ ಬಿಟ್ಟು ಎಷ್ಟೋ ಜಾಗ ತೆರವು ಮಾಡಿಸಿದ್ರು. 1982ರಲ್ಲಿ ಹೊರಗೆ ಹಾಕಿದ ಜನಾನೇ ಆಮೇಲೆ ಉದ್ಯಾನ ಉಳಿಸೋಕೆ ಬೇಕಾಯ್ತು.

ಸರಿ, ಈಗ ಊರಿಗೆ ಬರೋಣ. ಭರತಪುರಕ್ಕೆ ಹೋಗೋಕೆ ಆಗದೇ ಇರೋರು ಇಲ್ಲಿಂದಾನೇ ಶುರು ಮಾಡಬಹುದು, ಏನೂ ನಷ್ಟ ಇಲ್ಲ. ಹತ್ರದಲ್ಲೇ ನೋಡ್ಬೇಕು ಅಂದ್ರೆ ಹರಪನಹಳ್ಳಿ ದಾಟಿ ಹಗರಿಬೊಮ್ಮನಹಳ್ಳಿ ತನಕ ಹೋದ್ರೆ ಅಂಕಸಮುದ್ರ ಕೆರೆ ಇದೆ, ಹಿಂದಿನೋರು ನೀರಾವರಿಗೆ ಅಂತ ಕಟ್ಟಿದ ಊರ ಕೆರೆ, ನೀರೊಳಗೇ ನಿಂತಿರೋ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಕೆಂಬರಲು ಎಲ್ಲ ಗೂಡು ಕಟ್ತವೆ. ಗದಗ ಜಿಲ್ಲೇಲಿ ಮಾಗಡಿ ಕೆರೆ, ಚಳಿಗಾಲದಲ್ಲಿ ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತುಗಳಿಗೆ ಹೆಸರಾದದ್ದು, ಸುತ್ತಲಿನ ಹೊಲದಲ್ಲಿ ಮೇಯ್ದು ಬಂದು ಕೆರೇಲಿ ಕೂರ್ತವೆ. ಇದೇ ಹೆಬ್ಬಾತನ್ನ ನಾನು ಭರತಪುರದಲ್ಲೂ ನೋಡಿದೆ, ಅಲ್ಲಿ ನಿಂತ್ಕೊಂಡು ನಮ್ಮ ಮಾಗಡಿ ನೆನಪಾಯ್ತು. ಅಂಕಸಮುದ್ರ, ಮಾಗಡಿ ಎರಡೂ 2024ರಲ್ಲಿ ಅಘನಾಶಿನಿ ನದಿಯ ಅಳಿವೆ ಜೊತೆ ರಾಮ್ಸರ್ ಪಟ್ಟಿಗೆ ಸೇರಿದ್ವು, ಅದಕ್ಕೂ ಮೊದಲು 2022ರಲ್ಲಿ ರಂಗನತಿಟ್ಟು.

ಅಂಕಸಮುದ್ರ, ಮಾಗಡಿ ಎರಡೂ ರಾಷ್ಟ್ರೀಯ ಉದ್ಯಾನ ಅಲ್ಲ ಅನ್ನೋದನ್ನ ಗಮನಿಸ್ರಿ, ಸಂರಕ್ಷಣಾ ಮೀಸಲು, ಅಂದ್ರೆ ಕನ್ಸರ್ವೇಶನ್ ರಿಸರ್ವ್. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಆದಾಗ ಬಂದಿದ್ದು ಇದು. ಸರ್ಕಾರಿ ಜಾಗದಲ್ಲಿ ಮಾಡ್ತಾರೆ, ಊರಿನೋರ ಜೊತೆ ಮಾತಾಡಿ ಮಾಡ್ಬೇಕು, ನೋಡ್ಕೊಳೋ ಸಮಿತೀಲಿ ಗ್ರಾಮ ಪಂಚಾಯ್ತಿಯೋರು ಇರ್ತಾರೆ. ಯಾರಾದ್ರೂ ನಮ್ಮ ಕೆರೆಗೂ ಬೇಲಿ ಹಾಕಿ ಗೇಟ್ ಮಾಡಿ ದನ, ಮೀನುಗಾರರು ಎಲ್ಲ ಬಂದ್ ಮಾಡ್ಸಿ ಅಂತ ಅಂದ್ರೆ ಭರತಪುರದ ಎಮ್ಮೆ ಕಥೆ ಹೇಳ್ರಿ. ಕೆರೆ ಅಂದ್ರೆ ಹಕ್ಕೀದೂ ಹೌದು, ಬಟ್ಟೆ ಒಗೆಯೋ ಅಕ್ಕಂದಿರದ್ದೂ ಹೌದು, ಬಲೆ ಬೀಸೋ ಅಣ್ಣಂದಿರದ್ದೂ ಹೌದು, ಕೆಳಗಿನ ಗದ್ದೇದೂ ಹೌದು.

ಮಾಡ್ಬೇಕಾದ ಕೆಲಸ ಹೇಳ್ತೀನಿ. ಒಂದು ಕೆರೆ ಆರಿಸ್ಕೊಳ್ರಿ, ಒಂದೇ ಒಂದು. ಸೂಳೆಕೆರೆ ತರ ದೊಡ್ಡದು ಮೊದಲಿಗೆ ಬೇಡ, ಒಬ್ರಿಂದ ಆಗಲ್ಲ, ಮನೆಯಿಂದ ಬೈಕಲ್ಲಿ ಇಪ್ಪತ್ತು ನಿಮಿಷದೊಳಗೆ ಹೋಗೋ ಕೆರೆ ಇರಲಿ, ದೂರ ಆದ್ರೆ ಮೂರನೇ ತಿಂಗಳಿಗೆ ಬಿಟ್ಟುಬಿಡ್ತೀರಿ. ಮೊದಲ ದಿನ ಹಕ್ಕಿ ನೋಡೋಕೆ ಹೋಗ್ಬೇಡ್ರಿ. ಕೆರೆ ಸುತ್ತ ನಡೆದು ನೀರು ಬರೋ ಹಳ್ಳ ಎಲ್ಲಿದೆ, ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ಕೋಡಿ ಬಿದ್ದ ನೀರು ಮುಂದೆ ಯಾವ ಕೆರೆಗೆ ಹೋಗ್ತದೆ ನೋಡ್ರಿ. ನಮ್ಮ ಕಡೆ ಕೆರೆಗಳು ಸರ ಪೋಣಿಸಿದಂಗೆ ಒಂದರ ಕೆಳಗೊಂದು ಇರ್ತವೆ. ಬರೋ ಹಳ್ಳದ ದಾರೀಲಿ ಎಷ್ಟೋ ಕಡೆ ಲೇಔಟ್ ಆಗಿದೆ, ಇಟ್ಟಿಗೆ ಭಟ್ಟಿ ಆಗಿದೆ, ಒಂದು ಪೈಪ್ ಇಟ್ಟು ಮೇಲೆ ಮಣ್ಣು ಮುಚ್ಚಿದಾರೆ. ಅಂಥದ್ದೇ ನಿಮ್ಮ ಪಾಂಚನಾ ಅಣೆಕಟ್ಟು, ಸಣ್ಣ ಪ್ರಮಾಣದ್ದು. ಮಳೆ ಚೆನ್ನಾಗಿ ಬಂದ್ರೂ ಕೆರೆ ತುಂಬ್ತಿಲ್ಲ ಅಂತ ಊರಲ್ಲಿ ಅಂದ್ರೆ ಕಾರಣ ಹೆಚ್ಚುಪಾಲು ಕೆರೇಲಿ ಇರಲ್ಲ, ಮೇಲ್ಗಡೆ ಹಳ್ಳದಲ್ಲಿ ಇರ್ತದೆ.

ಫೋನಲ್ಲಿ ದಿಶಾಂಕ್ ಆಪ್ ಹಾಕ್ಕೊಳ್ರಿ. ನೀವು ನಿಂತ ಜಾಗದ ಸರ್ವೇ ನಂಬರ್, ಅದು ಕೆರೆ ಜಾಗಾನಾ, ಖರಾಬಾ, ಹಿಡುವಳಿಯಾ ಅಂತ ಮ್ಯಾಪಲ್ಲಿ ತೋರಿಸ್ತದೆ. ಕೆರೆ ಸುತ್ತ ನಾಲ್ಕೈದು ಕಡೆ ನಿಂತು ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ರಿ, ಜಗಳ ಮಾಡೋಕಲ್ಲ, ಗಡಿ ಎಲ್ಲಿ ತನಕ ಅಂತ ನಿಮಗೆ ತಿಳಿದಿರಲಿ ಅಂತ. ಆಮೇಲೆ ಕೆರೆ ಯಾರ ಕೈಲಿದೆ ತಿಳ್ಕೊಳ್ರಿ. 40 ಹೆಕ್ಟೇರ್‌ಗಿಂತ ಕಮ್ಮಿ ಅಚ್ಚುಕಟ್ಟಿನ ಕೆರೆ ಸಾಮಾನ್ಯವಾಗಿ ಪಂಚಾಯ್ತಿ ಕಡೆ, ಅದಕ್ಕಿಂತ ದೊಡ್ಡದು 2,000 ಹೆಕ್ಟೇರ್ ತನಕ ಸಣ್ಣ ನೀರಾವರಿ ಇಲಾಖೆ. ಅರ್ಜಿ ಯಾರಿಗೆ ಕೊಡ್ಬೇಕು ಅಂತ ಗೊತ್ತಿಲ್ದೇ ಮೂರು ಆಫೀಸ್ ಸುತ್ತೋದು ಇದರಿಂದ ತಪ್ಪುತ್ತೆ.

ಎರಡನೇ ಸಲ ಹೋದಾಗ ನೀರಿನ ಅಳತೆ. ತೂಬಿನ ಕಲ್ಲು ಇದ್ರೆ ಅದೇ ಸ್ಕೇಲು, ಮೇಲಿಂದ ಎಷ್ಟು ಕಲ್ಲು ಕಾಣ್ತಿದೆ ಅಂತ ಎಣಿಸಿ ಬರ್ಕೊಳ್ರಿ, ತೂಬು ಮುರಿದು ಬಿದ್ದಿದ್ರೆ ಏರಿ ಮೆಟ್ಟಿಲು ಇಲ್ಲ ಒಂದು ದೊಡ್ಡ ಬಂಡೆ ಗುರುತಿಟ್ಕೊಳ್ರಿ. ಅದೇ ಜಾಗದಿಂದ ಅದೇ ದಿಕ್ಕಿಗೆ ಒಂದು ಫೋಟೋ, ಪ್ರತಿ ತಿಂಗಳು. ಹಕ್ಕಿ ಎಣಿಸೋದು ಇದಾದ ಮೇಲೆ. ನಾನು ಮೊದಲ ಎರಡು ವರ್ಷ ಬರೀ ಹಕ್ಕಿ ಬರ್ಕೊಂಡು ನೀರು ಬರ್ಕೊಳ್ದೇ ಬಿಟ್ಟೆ, ಮೂರನೇ ವರ್ಷ ಬಾತು ಕಮ್ಮಿ ಆದಾಗ ಯಾಕೆ ಅಂತ ನನ್ನ ಪುಸ್ತಕದಲ್ಲಿ ಉತ್ತರಾನೇ ಇರಲಿಲ್ಲ.

ಹಕ್ಕಿ ಎಣಿಸೋಕೆ ಬೆಳಿಗ್ಗೆ ಏಳರಿಂದ ಒಂಬತ್ತು ಒಳ್ಳೆ ಹೊತ್ತು, ಸೂರ್ಯ ನಿಮ್ಮ ಬೆನ್ನ ಹಿಂದೆ ಇರೋ ಕಡೆ ನಿಲ್ರಿ, ಎದುರಿಗೆ ಬಿಸಿಲು ಇದ್ರೆ ಎಲ್ಲ ಹಕ್ಕಿನೂ ಕಪ್ಪು ಕಾಣ್ತವೆ. ಬೈನಾಕ್ಯುಲರ್ 8 ಬೈ 42 ಅಂತ ಸಿಗೋದು ಸಾಕು, ಜಾಸ್ತಿ ಪವರಿಂದು ತಗೊಂಡ್ರೆ ಕೈ ನಡುಗಿದ್ದೆಲ್ಲ ಕಾಣ್ತದೆ. ಮೂರು ಜಾಗ ಗೊತ್ತು ಮಾಡ್ಕೊಂಡು ಪ್ರತಿ ತಿಂಗಳು ಅಲ್ಲೇ ನಿಲ್ಲಿ, ಜಾಗ ಬದಲಾಯಿಸಿದ್ರೆ ಹೋಲಿಕೆ ಹೋಗ್ತದೆ. ಗುಂಪು ದೊಡ್ಡದಿದ್ರೆ ಮೊದ್ಲು ಹತ್ತು ಹಕ್ಕಿ ನಿಜವಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡೀತದೆ ಅಂತ ಕಣ್ಣಿಗೆ ಕೂರಿಸ್ಕೊಂಡು ಅದೇ ಅಳತೇಲಿ ಹತ್ತು, ಇಪ್ಪತ್ತು, ಮೂವತ್ತು ಅಂತ ಗುಂಪಿನ ಮೇಲೆ ಕಣ್ಣು ಓಡಿಸ್ರಿ. ಹೆಸರು ಗೊತ್ತಿಲ್ಲದ ಹಕ್ಕಿಗೆ ಊಹೆ ಮಾಡಿ ಹೆಸರು ಬರೀಬೇಡ್ರಿ, "ಕಂದು ಬಾತು, ಕೊಕ್ಕಿನ ತುದಿ ಹಳದಿ, 14" ಅಂತ ಬರೆದ್ರೆ ಸಾಕು, ಆಮೇಲೆ ಗೊತ್ತಿರೋರು ವರಟೆ ಅಂತ ಹೇಳ್ತಾರೆ. ಒಂದು ಹಕ್ಕೀನೂ ಇಲ್ದೇ ಇದ್ರೆ ಅದನ್ನೂ ಬರೀರಿ, ಸೊನ್ನೇನೂ ಲೆಕ್ಕಾನೇ.

ಮೀನು ಹಿಡಿಯೋರ ಹತ್ರ ಮಾತಾಡ್ರಿ. ನಮ್ಮ ಕೆರೇಲಿ ಬಲೆ ಬೀಸೋ ಅಣ್ಣ ಒಬ್ರು ಇದಾರೆ, ನಾನು ಗುಳುಮುಳುಕ ಕಾಣ್ತಿಲ್ಲ ಅಂತ ಹುಡುಕ್ತಾ ಇದ್ರೆ, "ಆ ಜೊಂಡಿನ ಹಿಂದೆ ಗೂಡು ಇಟ್ಟದೆ, ಆ ಕಡೆ ನಾನೂ ತೆಪ್ಪ ಹಾಕಿಲ್ಲ, ನೀನೂ ಹೋಗಬ್ಯಾಡ" ಅಂದ್ರು. ಹಕ್ಕಿ ಯಾವ ತಿಂಗಳು ಬಂತು, ಯಾವ ವರ್ಷ ಬರಲಿಲ್ಲ, ಮೊದಲು ಯಾವ ಮೀನು ಸಿಗ್ತಿತ್ತು, ಇವೆಲ್ಲ ಅವರ ಬಾಯಲ್ಲೇ ಇರೋದು. ಒಂದು ಮಾತು ಮಾತ್ರ ಅವರಿಗೂ ಹೇಳ್ರಿ, ಹರಿದ ಬಲೆ, ಗಾಳದ ದಾರ ದಡದಲ್ಲಿ ಬಿಡಬಾರ್ದು, ಹಕ್ಕಿ ಕಾಲಿಗೆ ಸುತ್ಕೊಂಡ್ರೆ ಅದು ಉಳಿಯಲ್ಲ. ನೀವೇ ಪ್ರತಿ ಸಲ ಒಂದು ಚೀಲ ಒಯ್ದು ಹೆಕ್ಕೊಂಡು ಬರ್ರಿ.

ಗೂಡು ಕಟ್ಟಿರೋ ಮರದ ಹತ್ರ ಹೋಗಲೇಬೇಡ್ರಿ, ನೂರು ಮೀಟರ್ ದೂರ ಇರಲಿ, ಡ್ರೋನ್ ಅಂತೂ ಬೇಡವೇ ಬೇಡ. ಒಂದು ಸಲ ದೊಡ್ಡ ಹಕ್ಕಿ ಎದ್ದು ಹೋದ್ರೆ ಮೊಟ್ಟೆ ಬಿಸಿಲಿಗೆ ಬೀಳ್ತದೆ, ಕಾಗೆ ಕಾಯ್ತಾ ಇರ್ತವೆ. ಹಕ್ಕಿ ಗುಂಪಾಗಿ ಸತ್ತು ಬಿದ್ದಿದ್ರೆ ಕೈಯಲ್ಲಿ ಮುಟ್ಟಬೇಡ್ರಿ, ಫೋಟೋ ತೆಗೆದು ಪಶು ವೈದ್ಯರಿಗೂ ಅರಣ್ಯ ಇಲಾಖೆಗೂ ಅವತ್ತೇ ತಿಳಿಸ್ರಿ.

ಈಗ ನನಗೆ ಅತಿ ಮುಖ್ಯ ಅನ್ಸೋ ವಿಷಯ, ಹೂಳು ಎತ್ತೋದು. ನಮ್ಮೂರ ಕೆರೇಲಿ ಕೆಲವು ವರ್ಷದ ಹಿಂದೆ ಹೂಳೆತ್ತೋ ಕೆಲಸ ಆಯ್ತು, ಎಲ್ರಿಗೂ ಖುಷಿ, ನನಗೂ ಖುಷಿ. ಜೆಸಿಬಿ ಬಂದು ದಡದಿಂದಾನೇ ನೇರ ಕೆಳಗೆ ಗೋಡೆ ತರ ತೋಡಿ ಮಣ್ಣು ತುಂಬ್ಕೊಂಡು ಹೋಯ್ತು. ಮುಂದಿನ ಮಳೆಗೆ ನೀರು ತುಂಬ್ತು, ನೋಡೋಕೆ ಸಮುದ್ರ ಇದ್ದಂಗಿತ್ತು, ಆದ್ರೆ ಆ ಚಳಿಗಾಲ ಒಂದು ಗದ್ದೆಗೊರವ ಇಲ್ಲ, ಮೆಟ್ಟುಗಾಲು ಹಕ್ಕಿ ಇಲ್ಲ, ನೀರುಕಾಗೆ ಮಾತ್ರ. ಯಾಕೆ ಅಂತ ಆವಾಗ ತಿಳೀಲಿಲ್ಲ, ಭರತಪುರದ ಬ್ಲಾಕ್‌ಗಳ ಮುಂದೆ ನಿಂತಾಗ ತಿಳೀತು. ಪಾದ ಮುಳುಗೋ ನೀರೇ ಉಳಿದಿರಲಿಲ್ಲ. ದನಕ್ಕೂ ಅಷ್ಟೇ, ನೀರು ಕುಡಿಯೋಕೆ ಇಳಿಯೋ ಜಾಗ ಇಲ್ದೇ ಒಂದು ಎಮ್ಮೆ ಗುಂಡೀಲಿ ಸಿಕ್ಕಾಕೊಂಡು ಊರೆಲ್ಲ ಸೇರಿ ಎತ್ತಿದ್ವಿ. ಅದಕ್ಕೆ ಹೂಳೆತ್ತೋ ಮಾತು ಗ್ರಾಮಸಭೇಲಿ ಬಂದ ದಿನಾನೇ ಎದ್ದು ನಿಂತು ಹೇಳ್ರಿ, ಕೆಲಸ ಶುರುವಾದ ಮೇಲೆ ಯಾರೂ ಕೇಳಲ್ಲ. ಹೂಳು ಏರಿ ಕಡೆ, ತೂಬಿನ ಕಡೆ ಆಳವಾಗಿ ತೆಗೀರಿ, ಹಳ್ಳ ಬಂದು ಸೇರೋ ಕಡೆ ದಡ ಇಳಿಜಾರಾಗಿ ಹಂಗೇ ಬಿಡ್ರಿ, ಮಧ್ಯದಲ್ಲಿ ನಿಂತಿರೋ ಹಳೇ ಕರಿಜಾಲಿ ಮರ, ದಿಬ್ಬ ಇದ್ರೆ ಮುಟ್ಟಬೇಡ್ರಿ ಅಂತ ಬರವಣಿಗೇಲಿ ಕೊಡ್ರಿ. ಬೇಸಿಗೇಲಿ ಕೆಲಸ ಮಾಡ್ತಾರೆ, ಆ ಹೊತ್ತಿಗೆ ಕೆರೆ ಅಂಗಳದಲ್ಲಿ ಟಿಟ್ಟಿಭ ನೆಲದ ಮೇಲೇ ಮೊಟ್ಟೆ ಇಟ್ಟಿರ್ತದೆ, ಬೆಳಿಗ್ಗೆ ಒಂದು ಸುತ್ತು ನಡೆದು ಗುರುತು ಹಾಕಿ ಡ್ರೈವರ್‌ಗೆ ತೋರಿಸಿದ್ರೆ ಪಾಪ ಅವರೂ ಬಿಟ್ಟು ಹೋಗ್ತಾರೆ, ನಾನೇ ನೋಡೀನಿ.

ಕೆರೆ ಸುತ್ತ ವಾಕಿಂಗ್ ಪಾತ್, ಲೈಟು, ಕಲ್ಲು ಕಟ್ಟಿದ ದಡ ಬೇಕು ಅಂತ ಊರಲ್ಲಿ ಆಸೆ ಇರ್ತದೆ, ಅದೂ ತಪ್ಪಲ್ಲ. ಏರಿ ಮೇಲೆ ಮಾಡ್ಲಿ, ಅಲ್ಲಿ ಹೆಂಗೂ ಜನ ಓಡಾಡ್ತಾರೆ. ಹಿಂದಿನ ಹಿನ್ನೀರಿನ ಕಡೆ ಮಾತ್ರ ಕತ್ತಲೇ ಇರಲಿ. ಗಿಡ ನೆಡೋ ಕಾರ್ಯಕ್ರಮಾನೂ ಕೆರೆ ಅಂಗಳದೊಳಗೆ ಬೇಡ, ಮೇಲ್ಗಡೆ ಹಳ್ಳದ ದಡದಲ್ಲಿ ಹೊಂಗೆ, ನೇರಳೆ, ಅತ್ತಿ ನೆಟ್ರೆ ಮಣ್ಣು ಕೊಚ್ಚಿ ಬರೋದು ಕಮ್ಮಿ ಆಗ್ತದೆ. ಬಳ್ಳಾರಿ ಜಾಲಿ ಅಂಗಳಕ್ಕೆ ನುಗ್ಗಿದ್ರೆ ಬೊಡ್ಡೆ ಕಡಿದು ಬಿಟ್ರೆ ಮತ್ತೆ ನಾಲ್ಕು ಪಟ್ಟು ಚಿಗುರ್ತದೆ, ಬೇರು ಸಮೇತ ಕೀಳ್ಬೇಕು, ಕಿತ್ತ ಮೇಲೆ ಎರಡು ವರ್ಷ ಸಸಿ ನೋಡ್ಕೋಬೇಕು. ಕೀಳೋ ಮುಂಚೆ ಅದರ ಮೇಲೆ ಗೂಡು ಇಲ್ಲ ಅಂತ ನೋಡ್ಕೊಳ್ರಿ. ಅಂತರಗಂಗೆ ಇದ್ರೆ ದಡಕ್ಕೆ ಎಳೆದು ಅಲ್ಲೇ ಗುಡ್ಡೆ ಹಾಕ್ಬೇಡ್ರಿ, ಮಳೆಗೆ ಮತ್ತೆ ನೀರಿಗೇ ಹೋಗ್ತದೆ, ಟ್ರ್ಯಾಕ್ಟರಲ್ಲಿ ತಿಪ್ಪೆಗೆ ಒಯ್ದು ಗೊಬ್ಬರ ಮಾಡಿಸ್ರಿ. ಅದು ಬೆಳೀತಿದೆ ಅಂದ್ರೆ ಹೆಚ್ಚುಪಾಲು ಎಲ್ಲಿಂದಾನೋ ಚರಂಡಿ ನೀರು ಸೇರ್ತಿದೆ ಅಂತ ಅರ್ಥ, ಅದನ್ನ ಹುಡುಕದೇ ಬರೀ ಕೀಳ್ತಾ ಇದ್ರೆ ಜನ್ಮ ಪೂರ್ತಿ ಕೀಳ್ತಾನೇ ಇರ್ಬೇಕು.

ಬರೆದಿಟ್ಟ ಲೆಕ್ಕ ಪುಸ್ತಕದಲ್ಲೇ ಇದ್ರೆ ಪ್ರಯೋಜನ ಇಲ್ಲ. ಹಕ್ಕಿ ಲೆಕ್ಕ ದಾಖಲಿಸೋ ಇಬರ್ಡ್ ಆಪಲ್ಲಿ ಹಾಕ್ರಿ, ಜನವರಿಯಲ್ಲಿ ಏಷ್ಯಾ ನೀರುಹಕ್ಕಿ ಗಣತಿ ನಡೀತದೆ, 1987ರಿಂದ ನಡೀತಿರೋದು ಅದು, ಅದಕ್ಕೂ ಸೇರ್ಸಿ. ಪಂಚಾಯ್ತೀಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಇರ್ತದೆ, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಇರಲೇಬೇಕು, ಎಷ್ಟೋ ಕಡೆ ಹೆಸರಿಗೆ ಮಾತ್ರ. ಅವರ ಹತ್ರ ಇರೋ ಜನತಾ ಜೀವವೈವಿಧ್ಯ ದಾಖಲಾತೀಲಿ ನಿಮ್ಮ ಕೆರೆ ಹಕ್ಕಿ ಪಟ್ಟಿ, ನೀರಿನ ಲೆಕ್ಕ ಸೇರಿಸಿ ಅಂತ ಪಿಡಿಓಗೆ ಪತ್ರ ಕೊಟ್ಟು ಸೀಲ್ ಹಾಕಿಸ್ಕೊಂಡು ಒಂದು ಕಾಪಿ ಇಟ್ಕೊಳ್ರಿ. ನಾಳೆ ಯಾರೋ ಬಂದು ಇದು ಪಾಳುಬಿದ್ದ ಕೆರೆ, ಬಸ್ ಸ್ಟ್ಯಾಂಡ್ ಮಾಡೋಣ ಅಂದ್ರೆ ಆ ಸೀಲ್ ಇರೋ ಕಾಗದ ಬೇಕಾಗ್ತದೆ. ಜೌಗು ಪ್ರದೇಶಗಳ ಬಗ್ಗೆ 2017ರ ನಿಯಮಗಳೂ ಇವೆ, ಆದ್ರೆ ನೀರಾವರಿಗೆ, ಕುಡಿಯೋ ನೀರಿಗೆ ಅಂತಾನೇ ಕಟ್ಟಿದ ಕೆರೆಗಳನ್ನ ಆ ನಿಯಮಗಳು ಹೊರಗಿಟ್ಟಿವೆ, ನಮ್ಮ ಕಡೆ ಬಹುಪಾಲು ಕೆರೆ ಅಂಥವೇ. ಅದಕ್ಕೇ ಊರಿನ ದಾಖಲೆ, ಗ್ರಾಮಸಭೆ ನಿರ್ಣಯ, ಆಗೋದಾದ್ರೆ ಸಂರಕ್ಷಣಾ ಮೀಸಲು, ಈ ದಾರೀನೇ ನಮಗೆ ಗಟ್ಟಿ.

ಫೆಬ್ರವರಿ 2 ವಿಶ್ವ ಜೌಗು ದಿನ, ಅವತ್ತು ಊರ ಶಾಲೆ ಮಕ್ಕಳನ್ನ ಏರಿ ಮೇಲೆ ಕರ್ಕೊಂಡು ಹೋಗ್ರಿ, ಒಂದು ತರಗತಿ ಸಾಕು, ಎರಡು ಬೈನಾಕ್ಯುಲರ್ ಇದ್ರೂ ನಡೀತದೆ. ಭಾಷಣ ಬೇಡ, ಮೇಷ್ಟ್ರಿಗೆ ಮೊದಲೇ ಹೇಳಿಡ್ರಿ. ತೂಬಿನ ಕಲ್ಲು ಎಣಿಸೋ ಕೆಲಸ ಮಕ್ಕಳಿಗೇ ಕೊಡ್ರಿ, ಆಮೇಲೆ ಪ್ರತಿ ತಿಂಗಳು ನೀವು ಹೋಗೋಕೆ ಆಗದೇ ಇದ್ರೂ ಅವರಲ್ಲಿ ಯಾರಾದ್ರೂ ಒಬ್ರು "ಅಂಕಲ್ ಇವತ್ತು ಆರು ಕಲ್ಲು ಕಾಣ್ತಿದೆ" ಅಂತ ಫೋನ್ ಮಾಡ್ತಾರೆ. ನಮ್ಮೂರ ಪುಸ್ತಕದಲ್ಲಿ ಕಳೆದ ವರ್ಷದ್ದು ಐದು ತಿಂಗಳ ಲೆಕ್ಕ ಹಂಗೇ ಬಂದಿದ್ದು.